ಬದು ಇಲ್ಲದ ಅಂಗಳ

ನನ್ನ ಸೋದರಮಾವ ಅಪ್ಪಯ್ಯಣ್ಣನಿಗೆ ಮೂವತ್ತು ದಾಟಿದರೂ ಮದುವೆಯಾಗಿರಲಿಲ್ಲ. ಅದಕ್ಕೆ ಕಾರಣ ಬಡತನವಲ್ಲ, ರೂಪವೂ ಅಲ್ಲ. ಆಳು ಕಟ್ಟುಮಸ್ತಾಗಿದ್ದ, ಹಿಪ್ಪುನೇರಳೆ ತೋಟವಿತ್ತು, ವರ್ಷಕ್ಕಾಗುವಷ್ಟು ರಾಗಿ ಬೆಳೆಯುವ ಹೊಲವಿತ್ತು. ಕಾರಣ ಅವನ ಕೈ. ತಿರುಗುವ ಯಾವ ವಸ್ತುವನ್ನು ಕಂಡರೂ ಅದನ್ನು ಬಿಚ್ಚಿ ನೋಡದೆ ಆ ಕೈಗೆ ಸಮಾಧಾನವಿರುತ್ತಿರಲಿಲ್ಲ. ದೇವನಹಳ್ಳಿಯಲ್ಲಿ ಹೆಣ್ಣು ನೋಡಲು ಹೋದವನು ಆ ಮನೆಯ ಹೊಲಿಗೆ ಯಂತ್ರವನ್ನು ಕಂಡ. ಹೆಣ್ಣು ಕಾಫಿ ತರುವಷ್ಟರಲ್ಲಿ ಅದನ್ನು ಬಿಚ್ಚಿ ಚಾಪೆಯ ಮೇಲೆಲ್ಲ ಹರವಿಕೊಂಡು ಕೂತಿದ್ದ. ಮತ್ತೆ ಜೋಡಿಸಿಯೂ ಕೊಟ್ಟ, ಯಂತ್ರ ಮೊದಲಿಗಿಂತ ಹಗುರಾಗಿ ಓಡಿತು. ಆದರೂ ಹೆಣ್ಣಿನ ತಾಯಿ, ಇವನಿಗೆ ಮಗಳನ್ನು ಕೊಟ್ಟರೆ ಸಂಸಾರವನ್ನೂ ಹೀಗೇ ಚಾಪೆಯ ಮೇಲೆ ಹರವುತ್ತಾನೆ ಎಂದು ಎದ್ದು ಒಳಗೆ ಹೋದಳಂತೆ.

ನಮ್ಮ ಕಡೆ ಅಕ್ಕನ ಮಗಳನ್ನು ತಮ್ಮ ಕಟ್ಟಿಕೊಳ್ಳುವುದು ವಾಡಿಕೆ. ಅವನ ಅಕ್ಕ, ಅಂದರೆ ಅದೇ ಬೀದಿಯಲ್ಲಿ ಸಂಸಾರ ಹೂಡಿದ್ದ ನಮ್ಮಮ್ಮ ಲಕ್ಕಮ್ಮ, ಹೊತ್ತಿಗೆ ಸರಿಯಾಗಿ ಒಂದು ಹೆಣ್ಣು ಹೆತ್ತಿದ್ದರೆ ಊರವರ ಬಾಯಿ ಮುಚ್ಚುತ್ತಿತ್ತು. ಅವಳು ಸಾಲಾಗಿ ಮೂರು ಗಂಡು ಹೆತ್ತಳು. ನಾಲ್ಕನೆಯವನು ನಾನು. ನಾನು ಹುಟ್ಟಿದ್ದು ಈ ಕತೆ ನಡೆದ ಮರುವರ್ಷ, ಅದೂ ಗಂಡಾಗಿಯೇ. ಹಾಗಾಗಿ ಇಲ್ಲಿ ಹೇಳುವುದೊಂದನ್ನೂ ನಾನು ಕಣ್ಣಾರೆ ಕಂಡಿಲ್ಲ. ಆದರೆ ಅಮ್ಮನ ಬಾಯಲ್ಲಿ ಇದನ್ನು ಎಷ್ಟು ಸಲ ಕೇಳಿದ್ದೇನೆಂದರೆ, ಆ ಬೀದಿಯಲ್ಲಿ ನಾನೂ ಒಂದು ಕಡೆ ನಿಂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ ಎಂದೇ ನನ್ನ ನಂಬಿಕೆ. ಇರಲಿಲ್ಲ ಎನ್ನುವವರ ಜೊತೆ ನಾನು ಜಗಳಕ್ಕೂ ತಯಾರು.

ನಮ್ಮೂರು ದೇವನಹಳ್ಳಿ ಸೀಮೆಯ ವಿಜಯಪುರಕ್ಕೆ ಮಗ್ಗುಲಲ್ಲೇ ಇದೆ. ಎರಡನೆಯ ಮಹಾಯುದ್ಧ ಮುಗಿದ ಆ ಚಳಿಗಾಲದಲ್ಲಿ ಮಾವ ಯಾವುದೋ ಕೆಲಸಕ್ಕೆ ಹೊಸಕೋಟೆ ಕಡೆಯ ಜಡಿಗೇನಹಳ್ಳಿಗೆ ಹೋಗಿದ್ದ. ಅಲ್ಲಿ ಸೇದುವ ಬಾವಿಯ ರಾಟೆ ಕಿರುಗುಟ್ಟುತ್ತಿತ್ತು. ಇವನು ಯಾರನ್ನೂ ಕೇಳದೆ ಅದನ್ನು ಇಳಿಸಿ ಬಿಚ್ಚಿದ. ನೀರಿಗೆ ಬಂದ ಹೆಂಗಸರೆಲ್ಲ ಬಾಯಿಗೆ ಬಂದಂತೆ ಬೈದರು. ಒಬ್ಬಳು ಮಾತ್ರ ಕೊಡವನ್ನು ಕೆಳಗಿಟ್ಟು ಕುಕ್ಕುರುಗಾಲಲ್ಲಿ ಕೂತು, ಈ ಅಚ್ಚು ಒಂದೇ ಕಡೆ ಯಾಕೆ ಸವೆದಿದೆ ಎಂದು ಕೇಳಿದಳು. ಅವಳ ಹೆಸರು ಮುನಿವೆಂಕಟಮ್ಮ. ನೋಡಲು ಬಂದಿದ್ದ ಗಂಡುಗಳನ್ನೆಲ್ಲ ಬೇಡವೆಂದು ಅಪ್ಪನ ತಲೆ ಕೆಡಿಸಿದ್ದ ಹುಡುಗಿ. ಅಪ್ಪಯ್ಯಣ್ಣ ಊರಿಗೆ ಬಂದವನು ಅನ್ನ ಬಿಟ್ಟ, ನಿದ್ದೆ ಬಿಟ್ಟ, ಬಿಚ್ಚುವುದನ್ನೂ ಬಿಟ್ಟ. ಆ ಕೊನೆಯದನ್ನು ಕಂಡು ಅಮ್ಮ ಗಾಬರಿಯಾಗಿ ತಾನೇ ಹೆಣ್ಣು ಕೇಳಲು ಹೊರಟಳು.

ಮುನಿವೆಂಕಟಮ್ಮ ಕೇಳಿದ ಕ್ಷಣವೇ ಹೂಂ ಎಂದಳು. ಅವಳ ಅಪ್ಪ ಕೊಂಡಪ್ಪ ಮಾತ್ರ ಮನೆ ನೋಡಬೇಕು ಎಂದ. ಕೊಂಡಪ್ಪನೆಂದರೆ ಆಡಿದ ಮಾತು ಮುರಿಯದ ಮನುಷ್ಯ. ಮುರಿದರೆ ಎಲ್ಲರಿಗೂ ಒಳ್ಳೆಯದಾಗುವಂಥ ಮಾತನ್ನೂ ಮುರಿಯುತ್ತಿರಲಿಲ್ಲ.

ಮನೆಯೇನೋ ಚೆನ್ನಾಗಿತ್ತು. ಅಂಗಳದ್ದೇ ಅವಮಾನ. ಹಳೆಯ ಕೊಟ್ಟಿಗೆ ಕುಸಿದು ಒಂದು ಕಡೆ ದಿಬ್ಬವಾಗಿತ್ತು, ಅದರ ಮಗ್ಗುಲಲ್ಲೇ ಗೋಡೆಗೆ ಮಣ್ಣು ತೆಗೆದ ಗುಂಡಿ, ಆಚೆಗೆ ತಿಪ್ಪೆ. ನಡುವೆ ಅರ್ಧ ಹೂತುಹೋದ ಒರಳುಕಲ್ಲು. ಇಡೀ ಅಂಗಳ ಮನೆಯ ಕಡೆಗೇ ವಾಲಿದ್ದರಿಂದ ಮಳೆ ಬಂದರೆ ನೀರು ನೆಂಟರಂತೆ ನೇರವಾಗಿ ಒಳಗೆ ಬರುತ್ತಿತ್ತು. ಕೊಂಡಪ್ಪ ಕರಿ ಕೋಟು, ಜರಿಯಂಚಿನ ರುಮಾಲು ತೊಟ್ಟು ಬಂದಿದ್ದ. ಒರಳಿಗೆ ಕಾಲು ತಾಗಿತು, ಗುಂಡಿ ದಾಟಲು ಹೋಗಿ ದಿಬ್ಬ ಹತ್ತಿದ, ದಿಬ್ಬದಿಂದ ಜಾರಿ ತಿಪ್ಪೆಯ ಮೇಲೆ ಅಂಗಾತ ಬಿದ್ದ. ಯಾರೂ ನಗಲಿಲ್ಲ ಎಂದು ಅಮ್ಮ ಆಣೆ ಮಾಡುತ್ತಾಳೆ. ನನಗೆ ನಂಬಿಕೆಯಿಲ್ಲ.

ಅವನು ಎದ್ದು ರುಮಾಲು ಕೊಡವಿಕೊಂಡು ಹೇಳಿದ ಮಾತು ಇಷ್ಟು: "ಈ ಅಂಗಳ ಸಮ ಆಗೋವರ್ಗೂ ನನ್ನ ಮಗಳು ನಿಮ್ಮ ಹೊಸ್ತಿಲು ತುಳಿಯಲ್ಲ. ದಿಬ್ಬಣ ಕರ್ಕೊಂಡು ಬರ್ತೀನಿ. ನೆಲ ವಾಲಿರೋದು ಕಂಡ್ರೆ ಬಂಡಿ ಹಂಗೇ ತಿರುಗಿಸ್ತೀನಿ."

ಆಗ ಮದುವೆಗಳು ಗಂಡಿನ ಮನೆಯ ಅಂಗಳದಲ್ಲೇ, ಚಪ್ಪರದ ಕೆಳಗೆ ನಡೆಯುತ್ತಿದ್ದವು. ಯುಗಾದಿ ಕಳೆದ ಮೇಲೆ ಲಗ್ನ ಗೊತ್ತಾಯಿತು. ಅಮ್ಮ ಮುಯ್ಯಾಳು ಕೂಡಿಸೋಣ ಎಂದಳು. ಇವತ್ತು ನಿಮ್ಮ ಕೆಲಸಕ್ಕೆ ನಾವು, ನಾಳೆ ನಮ್ಮ ಕೆಲಸಕ್ಕೆ ನೀವು ಎನ್ನುವ ಲೆಕ್ಕ. ಹತ್ತು ಜನ ಗುದ್ದಲಿ, ಮಂಕರಿ ಹಿಡಿದು ನಿಂತರೆ ವಾರದಲ್ಲಿ ಮುಗಿಯುವ ಕೆಲಸ. ಮಾವ ಎಲ್ಲಕ್ಕೂ ತಲೆಯಾಡಿಸಿ, ಎತ್ತು ಕಟ್ಟಿ, ಗಾಡಿ ಹೊಡೆದುಕೊಂಡು ವಿಜಯಪುರಕ್ಕೆ ಹೋದ.

ವಿಜಯಪುರದಲ್ಲಿ ರೇಷ್ಮೆ ನೂಲು ತೆಗೆಯುವವರ ಯಂತ್ರಗಳನ್ನೆಲ್ಲ ರಿಪೇರಿ ಮಾಡುತ್ತಿದ್ದವನು ಹೈದರ್. ಮಾವನಿಗೆ ಜೀವದ ಗೆಳೆಯ. ಬೆಂಗಳೂರಿನ ಹೊರಗಿನ ಮಿಲಿಟರಿ ಕ್ಯಾಂಪು ಎತ್ತಿದಾಗ ಹರಾಜಿಗಿಟ್ಟ ಸಾಮಾನಿನಲ್ಲಿ ಅವನು ಮೊಳೆ ಹೊಡೆದ ಒಂದು ಮರದ ಪೆಟ್ಟಿಗೆ ಹಿಡಿದಿದ್ದ. ಒಳಗೆ ನೀರೆತ್ತುವ ಪಂಪಿದೆ ಎಂದು ಅವನ ಎಣಿಕೆ. ತೆಗೆದು ನೋಡಿದರೆ ಎರಡು ಗಾಲಿ, ಒಂದು ಪುಟ್ಟ ಎಂಜಿನ್ನು, ಸೈಕಲ್ಲಿನಂತೆ ಹಿಡಿದುಕೊಳ್ಳಲು ಎರಡು ಉದ್ದದ ಕೈಗಳು, ಹಿಂದುಗಡೆ ಅಚ್ಚಿನ ಸುತ್ತ ಹುಲಿಯುಗುರಿನ ಹಾಗೆ ಬಾಗಿದ ಉಕ್ಕಿನ ಹಲ್ಲುಗಳು. ಎಂಜಿನ್ನು ಓಡಿದರೆ ಆ ಹಲ್ಲುಗಳು ತಿರುಗಿ ಮಣ್ಣನ್ನು ಕಡೆಯುತ್ತವೆ. ನೇಗಿಲು ಸೀಳಿ, ಕುಂಟೆ ಹೊಡೆದು, ಹೆಂಟೆ ಒಡೆಯುವ ಕೆಲಸವೆಲ್ಲ ಒಂದೇ ಏಟಿಗೆ. ರೇಷ್ಮೆ ಊರಿನಲ್ಲಿ ಅದನ್ನು ಕೊಳ್ಳುವವರು ಯಾರು? ಪೆಟ್ರೋಲಿಗೆ ಸರ್ಕಾರದ ರೇಷನ್ ಕೂಪನ್ನು ಬೇರೆ ಬೇಕು. ಅದು ಅಂಗಡಿಯ ಮೂಲೆಯಲ್ಲಿ ಕೂತಿತ್ತು, ಮಾವ ಅದರ ಮುಂದೆ ಕೂತ.

ಹೈದರ್ ಸಂತೋಷವಾಗಿಯೇ ಕೊಟ್ಟ. "ತಗೊಂಡೋಗಿ ಅಣ್ಣಾ. ನಿಮ್ಮ ಶಾದಿಗೆ ಇದೇ ನನ್ನ ಮುಯ್ಯಿ. ನಿಲ್ಸೋದು ಮಾತ್ರ ನೋಡ್ಕೊಳ್ಳಿ, ಈ ತಗಡು ಒತ್ತಿದ್ರೆ ಗಪ್‌ಚುಪ್ ನಿಂತ್ಬಿಡುತ್ತೆ."

ನಿಲ್ಲಿಸುವುದು ಮಾವನಿಗೆ ಗೊತ್ತಿತ್ತು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಈಗಲೂ ಊರಲ್ಲಿ ಕೆಲವರು, ಅಪ್ಪಯ್ಯಣ್ಣನಿಗೆ ನಿಲ್ಲಿಸಲು ಬರಲಿಲ್ಲ ಎಂದು ಆಡಿಕೊಳ್ಳುತ್ತಾರೆ. ಬುದ್ಧಿಯಿಲ್ಲದವರು. ಅವನು ನಿಲ್ಲಿಸದೆ ಇದ್ದದ್ದಕ್ಕೆ ಕಾರಣವೇ ಬೇರೆ, ಮತ್ತು ಆ ಕಾರಣದಲ್ಲಿ ಅವರ ಅಜ್ಜಂದಿರೆಲ್ಲ ಪಾಲುದಾರರು.

ಗಾಡಿಯ ಮೇಲೆ ಯಂತ್ರ ಊರಿಗೆ ಬಂದದ್ದು ಯುಗಾದಿಯ ಹಿಂದಿನ ದಿನ. ಯುಗಾದಿಯೆಂದರೆ ನಮ್ಮಲ್ಲಿ ಹೊನ್ನಾರು ಹೂಡುವ ದಿನ. ವರ್ಷದ ಮೊದಲ ಉಳುಮೆ. ಎತ್ತುಗಳಿಗೆ, ನೇಗಿಲಿಗೆ ಪೂಜೆ ಮಾಡಿ ಮೊದಲ ಸಾಲು ಎಳೆಯುತ್ತಾರೆ. ನೇಗಿಲು ಮನೆ ಮುಂದೆ ಹಾದರೆ ಹೆಂಗಸರು ಎತ್ತಿನ ಕಾಲಿಗೆ ನೀರು ಹುಯ್ಯುತ್ತಾರೆ. ಇನ್ನೊಂದು ಕಟ್ಟಳೆ ಇದೆ: ಹೊನ್ನಾರಿನ ಸಾಲನ್ನು ನಡುವೆ ನಿಲ್ಲಿಸಬಾರದು, ಹೊಲದ ಬದು ಮುಟ್ಟುವ ತನಕ ತಿರುಗಿಸಲೂ ಬಾರದು. ನಿಲ್ಲಿಸಿದರೆ ಆ ವರ್ಷ ಮಳೆ ಅಲ್ಲಿಗೇ ನಿಲ್ಲುತ್ತದೆ ಎನ್ನುತ್ತಾರೆ. ಹೇಗೂ ಒಳ್ಳೆಯ ದಿನ, ಮದುವೆಯ ಅಂಗಳ, ಹೊಸ ಯಂತ್ರ, ನಮ್ಮ ಮನೆಯ ಹೊನ್ನಾರು ಈ ಸಲ ಇದರಿಂದಲೇ ಆಗಲಿ ಎಂದು ಅಮ್ಮ ತೀರ್ಮಾನಿಸಿದಳು. ಊರ ಹಿರಿಯ ವೆಂಕಟರಾಯಪ್ಪನೂ ಒಪ್ಪಿದ.

ಬೆಳಿಗ್ಗೆ ಒರಳನ್ನೂ ಕಲ್ಲುಗಳನ್ನೂ ಮೀಟಿ ತೆಗೆದರು. ಎಂಜಿನ್ನಿಗೆ ಅರಿಶಿನ ಕುಂಕುಮ, ಉಕ್ಕಿನ ಹಲ್ಲುಗಳಿಗೆ ಬೇವಿನ ಸೊಪ್ಪು, ಗಾಲಿಯ ಕೆಳಗೆ ನಿಂಬೆಹಣ್ಣು. ಹೈದರ್ ಹಬ್ಬದ ಊಟಕ್ಕೆಂದು ಬಂದಿದ್ದವನು ಹಗ್ಗ ಸುತ್ತಿ ಎಳೆದ. ಯಂತ್ರ ಕೆಮ್ಮಿತು, ಉಗುಳಿತು, ಊರ ನಾಯಿಗಳೆಲ್ಲ ಒಟ್ಟಿಗೆ ಬೊಗಳುವಂಥ ಸದ್ದು ಮಾಡುತ್ತ ಓಡತೊಡಗಿತು. ಮಾವ ಪಂಚೆ ಎತ್ತಿ ಕಟ್ಟಿ ಎರಡೂ ಕೈ ಹಿಡಿದು ಹಲ್ಲುಗಳನ್ನು ನೆಲಕ್ಕೆ ಬಿಟ್ಟ.

ಬಿಸಿಲಿಗೆ ಒಣಗಿದ ನೆಲ ಕಲ್ಲಾಗಿತ್ತು. ಹಲ್ಲುಗಳು ಮಣ್ಣಿಗೆ ಇಳಿಯುವ ಬದಲು ಅದರ ಮೇಲೆ ನಿಂತು ಓಡಿದವು. ಯಂತ್ರ ಹಗ್ಗ ಕಿತ್ತ ಹೋರಿಯ ಹಾಗೆ ಹಾರಿತು. ದಿಬ್ಬ ಹತ್ತಿ ಆಚೆಗೆ ಇಳಿದು ತಿಪ್ಪೆಗೆ ನುಗ್ಗಿದಾಗ ಮಾತ್ರ ಹಲ್ಲುಗಳಿಗೆ ಮೆತ್ತನೆಯದು ಸಿಕ್ಕಿತು. ವರ್ಷದ ಗೊಬ್ಬರ ಆಕಾಶಕ್ಕೆದ್ದು, ನೋಡಲು ಬಂದವರ ಹಬ್ಬದ ಬಟ್ಟೆಯ ಮೇಲೆ ಇಳಿಯಿತು. ಅಂಗಳ ಅಲ್ಲಿಗೆ ಮುಗಿಯಿತು. ಮಾವ ತಗಡಿನ ಕಡೆ ಕೈ ಚಾಚಿದ.

"ಒತ್ಬೇಡ ಕಣೋ ಅಪ್ಪಯ್ಯ, ಬದು ಬಂದಿಲ್ಲ" ಎಂದು ಅಮ್ಮ ಹಿಂದಿನಿಂದ ಕೂಗಿದಳು.

ನಿಜ, ಹೊಲಕ್ಕಾದರೆ ಬದು ಇರುತ್ತದೆ. ಮಾವನ ಅಂಗಳಕ್ಕೆ ಬದು ಎಲ್ಲಿಂದ ಬರಬೇಕು? ಅದು ನೇರವಾಗಿ ಬೀದಿಗೆ ಬಿಚ್ಚಿಕೊಂಡಿತ್ತು. ಮಾವ ಬೀದಿಗಿಳಿದ. ಅವನ ಹಿಂದೆ ಅಮ್ಮ, ಅಮ್ಮನ ಹಿಂದೆ ಹೈದರ್, ಅವನ ಹಿಂದೆ ಊರು. ಇದು ಅಂಗಳ ಅಲ್ಲ, ಬೀದಿ, ಇಲ್ಲಿ ಕಟ್ಟಳೆ ನಡೆಯುತ್ತದೋ ಇಲ್ಲವೋ ಎಂದು ಓಡುತ್ತಲೇ ವಾದ ಶುರುವಾಯಿತು. ವೆಂಕಟರಾಯಪ್ಪ ಕೋಲೂರಿಕೊಂಡು ಓಡುತ್ತ, ಸಾಲು ಅಂದ ಮೇಲೆ ಸಾಲೇ, ನಿಲ್ಲಿಸಿದರೆ ಇಡೀ ಊರಿನ ಮಳೆಗೆ ಯಾರು ಹೊಣೆ ಎಂದು ಕೇಳಿದ. ಹೊಣೆ ಹೊರುವವರು ಯಾರೂ ಸಿಗಲಿಲ್ಲ. ಹೈದರ್ ಒಬ್ಬನೇ ತಗಡು, ತಗಡು ಎನ್ನುತ್ತಿದ್ದ. ಅವನಿಗೂ ಎರಡು ಎಕರೆ ಹಿಪ್ಪುನೇರಳೆಯಿತ್ತು. ಮಳೆಯ ಮಾತು ಕಿವಿಗೆ ಬಿದ್ದೊಡನೆ ಸುಮ್ಮನಾದ.

ಬೀದಿಯ ಹೆಂಗಸರು ಕೊಡ ಹಿಡಿದು ಹೊಸ್ತಿಲಲ್ಲಿ ಕಾದಿದ್ದರು. ಹೊನ್ನಾರು ಬಂತು, ಎತ್ತುಗಳಿಲ್ಲ. ಹಾಗೆಂದು ನೀರು ಹುಯ್ಯದೆ ಬಿಡುವುದುಂಟೆ? ಅಪ್ಪಯ್ಯಣ್ಣನ ಕಾಲಿಗೇ ಹುಯ್ದರು. ಒಬ್ಬಳು ಓಡಿಬಂದು ಅವನ ಹಣೆಗೆ ಕುಂಕುಮ ಇಡಲು ಹೋಗಿ ಮೂಗಿಗಿಟ್ಟಳು. ಪ್ರತಿ ಮನೆಯ ಮುಂದೆ ಒಂದೊಂದು ಕೊಡ. ಅವನು ಜಾರುತ್ತ, ಏಳುತ್ತ, ನಗುತ್ತ ಓಡಿದ. ಅಳುವುದಕ್ಕೆ ಅವನಿಗೆ ಪುರುಸೊತ್ತಿರಲಿಲ್ಲ ಎನ್ನುತ್ತಾಳೆ ಅಮ್ಮ.

ಬೀದಿ ಮುಗಿಯುವುದು ಕೆರೆಯ ಹತ್ತಿರ. ಯಂತ್ರದ ಮೂತಿ ಏರಿಯ ಬುಡಕ್ಕೆ ಗುದ್ದಿತು. ವೆಂಕಟರಾಯಪ್ಪ ಏದುಸಿರು ಬಿಡುತ್ತ, ಏರಿಯೂ ಒಂದು ಬದುವೇ ಎಂದು ತೀರ್ಪು ಕೊಟ್ಟ. ಮಾವ ಉಸಿರು ಬಿಟ್ಟು ಮತ್ತೆ ತಗಡಿಗೆ ಕೈ ಹಾಕಿದ. ಆಗ ಅದೇ ವೆಂಕಟರಾಯಪ್ಪ, ಹೊನ್ನಾರಿನಲ್ಲಿ ಒಂಟಿ ಸಾಲು ಬಿಡುವ ಪದ್ಧತಿ ಇಲ್ಲ, ಮೂರಾದರೂ ಆಗಬೇಕು ಎಂದ.

ಸರಿ, ಮಾವ ತಿರುಗಿಸಿದ. ಈಗ ಬೀದಿ ನೆಂದಿತ್ತು, ಹೆಂಗಸರು ಅಷ್ಟರಲ್ಲಿ ಅಂಗಳಕ್ಕೂ ದಿಬ್ಬಕ್ಕೂ ಕೊಡಗಟ್ಟಲೆ ನೀರು ಹುಯ್ದಿದ್ದರು. ಈ ಸಲ ಹಲ್ಲುಗಳು ಓಡಲಿಲ್ಲ, ಇಳಿದವು. ಏರಿಯಿಂದ ಮಾವನ ಅಂಗಳದ ದಿಬ್ಬ ದಾಟಿ ಮನೆಯವರೆಗೆ, ಅಲ್ಲಿಂದ ಮತ್ತೆ ಏರಿಯವರೆಗೆ, ಯಂತ್ರ ಆ ಬದಿಗೂ ಈ ಬದಿಗೂ ಹೊರಳುತ್ತ ಮೊಣಕೈ ಆಳಕ್ಕೆ ಮಣ್ಣು ಕಡೆಯುತ್ತ ನಡೆಯಿತು. ಮೂರನೆಯ ಸಾಲು ಮುಗಿದಾಗ ನಿಲ್ಲಿಸುವ ಕೆಲಸವೂ ಉಳಿಯಲಿಲ್ಲ, ಪೆಟ್ರೋಲೇ ಮುಗಿದಿತ್ತು.

ಸದ್ದು ನಿಂತ ಮೇಲೆ ಜನ ತಮ್ಮ ತಮ್ಮ ಮನೆಗಳನ್ನು ನೋಡಿಕೊಂಡರು. ಬೀದಿಯುದ್ದಕ್ಕೂ ಯಾರ ಮನೆ ಮುಂದೆಯೂ ಕಾಲಿಡಲು ನೆಲವಿಲ್ಲ. ಎಲ್ಲ ಹುರಿಹಿಟ್ಟಿನ ಹಾಗೆ ಸಡಿಲ. ಅಂಗಳ, ರಂಗೋಲಿ, ಜಗಲಿಯ ಮೆಟ್ಟಿಲಿನ ಮಣ್ಣು, ಯಾವುದೂ ಇದ್ದಲ್ಲಿ ಇರಲಿಲ್ಲ. ನಮ್ಮಪ್ಪ ನಮ್ಮ ಮನೆಯಿಂದ ಹೊರಗೆ ಒಂದು ಹೆಜ್ಜೆ ಇಟ್ಟವನು ಮಂಡಿಯವರೆಗೆ ಹೂತು, ಭಾವಮೈದುನನನ್ನು ಮನಸಾರೆ ಬೈದ. ಊರವರೂ ಬೈದರು. ಮಳೆಯ ಹೊಣೆ ಕೇಳಿದ್ದವರೇ ಎಲ್ಲರಿಗಿಂತ ಜೋರಾಗಿ ಬೈದರು.

ಮಾವನಿಗೆ ಬೈಗುಳ ಕೇಳಿಸಲೇ ಇಲ್ಲ. ಅವನು ತನ್ನ ಅಂಗಳಕ್ಕೆ ಹೋಗಿ ಚಪ್ಪರಕ್ಕೆಂದು ತಂದಿಟ್ಟಿದ್ದ ಒಂದು ಕಂಬವನ್ನು ನೆಟ್ಟು ನೋಡಿದ. ಅದು ಮೆಲ್ಲಗೆ ವಾಲಿ ಮಲಗಿತು. ಮತ್ತೆ ನೆಟ್ಟ, ಮತ್ತೆ ಮಲಗಿತು. ಆಗ ಅವನಿಗೆ ನಿಜವಾಗಿ ಭಯವಾಯಿತು. ಕೊಂಡಪ್ಪ ಬಂಡಿ ತಿರುಗಿಸುವ ಮನುಷ್ಯ. ತಿರುಗಿಸಿದರೆ ಬಾವಿಯ ಕಟ್ಟೆಯ ಮೇಲೆ ಕೂತು ಅಚ್ಚಿನ ಬಗ್ಗೆ ಕೇಳಿದ ಆ ಹುಡುಗಿಯೂ ಬಂಡಿಯ ಜೊತೆಗೇ ಹೋಗುತ್ತಾಳೆ. ಮಣ್ಣಿನ ನಡುವೆ ಕೂತು ಅವನು ಅಕ್ಕನಿಗೆ ಒಂದೇ ಮಾತು ಹೇಳಿದ. "ಅವ್ಳು ಬರ್ದಿದ್ರೆ ನಾನು ಇನ್ಯಾರ್ನೂ ನೋಡಲ್ಲ ಅಕ್ಕ."

ಅಮ್ಮ ಹಲಗೆಗೆ ಹಗ್ಗ ಕಟ್ಟಿ ಎಳೆಯಲು ನಿಂತಳು. ಎಳೆದ ಮೇಲೆ ಗೊತ್ತಾಯಿತು: ಗುದ್ದಲಿಗೂ ಜಗ್ಗದಂಥ ದಿಬ್ಬ ಈಗ ಹಲಗೆಯ ಮುಂದೆ ತಾನಾಗಿ ಸರಿಯುತ್ತಿತ್ತು. ದಿಬ್ಬ ಗುಂಡಿಗೆ ಹೋಯಿತು, ಮನೆಯ ಕಡೆಗಿದ್ದ ಇಳಿಜಾರಿಗೆ ಮಣ್ಣು ತುಂಬಿತು. ಅದನ್ನು ನೋಡಿ ಪಕ್ಕದ ಮನೆಯವರು ತಮ್ಮ ಮುಂದಿನದ್ದಕ್ಕೂ ಹಲಗೆ ಹಾಕಿದರು. ಹಾಕದೆ ವಿಧಿಯೂ ಇರಲಿಲ್ಲ, ಹಬ್ಬದ ನೆಂಟರು ಮನೆಯೊಳಗೆ ಸಿಕ್ಕಿಕೊಂಡಿದ್ದರು. ಬೈಯುತ್ತಲೇ ಬೀದಿ ಬೀದಿಯೇ ಹಲಗೆ ಎಳೆಯಿತು. ಕರೆಯದೆ ಬಂದ ಮುಯ್ಯಾಳು.

ಸಮವೇನೋ ಆಯಿತು, ಗಟ್ಟಿಯಾಗಲಿಲ್ಲ. ಎತ್ತು ಬಿಟ್ಟರೆ ಹೂತುಕೊಳ್ಳುತ್ತಿದ್ದವು. ಆಗ ಬಂದವನು ಕುರಿಯ ದೊಡ್ಡಬೀರಪ್ಪ. ಬೇಸಿಗೆಯಲ್ಲಿ ಅವನು ಊರೂರಿನ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿಮಂದೆ ಕೂಡಿಸುತ್ತಿದ್ದ. ಹೊಲಕ್ಕೆ ಹೋಗಲು ಈ ಬೀದಿಯೇ ದಾರಿ. ಮೊದಲ ಕುರಿ ಹೆಜ್ಜೆಯಿಟ್ಟಲ್ಲಿ ಪುಟ್ಟ ಗೊರಸಿನ ಗುರುತು ಅಚ್ಚೊತ್ತಿದಂತೆ ಬಿತ್ತು, ಕಾಲು ಹೂತುಕೊಳ್ಳಲಿಲ್ಲ. ಮಾವ ಎದ್ದು ಹೋಗಿ ದೊಡ್ಡಬೀರಪ್ಪನ ಕಾಲು ಹಿಡಿಯುವುದೊಂದು ಬಾಕಿ. ಆವತ್ತು ಮಂದೆ ನಮ್ಮ ಬೀದಿಯಲ್ಲೇ ತಂಗಿತು. ಮಾರನೆಯ ದಿನ ನೀರು ಚಿಮುಕಿಸಿ, ಹಿಂದೆ ತಮಟೆ ಬಾರಿಸುತ್ತ ಕುರಿಗಳನ್ನು ಏರಿಯಿಂದ ಅಂಗಳಕ್ಕೆ, ಅಂಗಳದಿಂದ ಏರಿಗೆ ಓಡಾಡಿಸಿದರು. ತಮಟೆ ಕೇಳಿದ ಮೇಲೆ ಜನ ಸುಮ್ಮನಿರುತ್ತಾರೆಯೇ? ಕುರಿಗಳ ಹಿಂದೆ ಊರೇ ಕುಣಿಯಿತು. ತುಳಿಯಬೇಕು, ಅಷ್ಟೇ ತಾನೆ? ಹಬ್ಬದ ಹೋಳಿಗೆ ತಿಂದವರು ಭಾರವಾಗಿಯೇ ಇದ್ದರು. ವೆಂಕಟರಾಯಪ್ಪ ಕೋಲು ಎಸೆದು ಕುಣಿದ. ಹೈದರ್ ವಿಜಯಪುರದಿಂದ ತನ್ನ ನೆಂಟರನ್ನೂ ಕರೆತಂದ. ಲಗ್ನದ ಹಿಂದಿನ ದಿನ ಸಗಣಿ ಹಾಕಿ ಸಾರಿಸಿ, ರಂಗೋಲಿ ಬಿಟ್ಟರು. ನೆಟ್ಟ ಕಂಬ ನೆಟ್ಟಲ್ಲೇ ನಿಂತಿತು.

ಜಡಿಗೇನಹಳ್ಳಿಯ ಬಂಡಿಗಳು ಬಂದಾಗ ಕೊಂಡಪ್ಪ ಏರಿಯ ಹತ್ತಿರವೇ ಇಳಿದ. ಬೀದಿಯುದ್ದಕ್ಕೂ ಕೋಲಿನಿಂದ ಕುಟ್ಟುತ್ತ ಬಂದ. ಅಂಗಳದ ನಡುವೆ ನಿಂತು ಚೊಂಬಿನಿಂದ ಸ್ವಲ್ಪ ನೀರು ಸುರಿದ. ಇಡೀ ಊರು ಆ ನೀರನ್ನೇ ನೋಡುತ್ತ ನಿಂತಿತು. ಮಾವ ನೋಡಲಾಗದೆ ಕಣ್ಣು ಮುಚ್ಚಿಕೊಂಡಿದ್ದ. ನೀರು ಆ ಕಡೆಗೂ ಹೋಗಲಿಲ್ಲ, ಈ ಕಡೆಗೂ ಹೋಗಲಿಲ್ಲ, ಕಾವಲಿಯ ಮೇಲಿನ ದೋಸೆಯಂತೆ ದುಂಡಗೆ ಹರಡಿ ಇದ್ದಲ್ಲೇ ಇಂಗಿತು. ಕೊಂಡಪ್ಪ ಬಂಡಿಯ ಕಡೆ ತಿರುಗಿ ಮಗಳಿಗೆ ಇಳಿ ಎಂದು ಕೈ ಮಾಡಿದ. ಅಮ್ಮ ಇಲ್ಲಿಗೆ ಬಂದಾಗ ಪ್ರತಿಸಲವೂ ಅಳುತ್ತಾಳೆ, ಕೇಳುವ ನಾನೂ ಅಳುತ್ತೇನೆ.

ಧಾರೆಯಾಯಿತು. ಮುನಿವೆಂಕಟಮ್ಮ ಹೊಸ್ತಿಲ ಮೇಲಿನ ಅಕ್ಕಿ ಸೇರನ್ನು ಒದ್ದು ಒಳಗೆ ಬಂದಳು. ಆವತ್ತೆಲ್ಲ ಕೊಂಡಪ್ಪ ಆ ಅಂಗಳದಲ್ಲಿ ಹಿಂದಕ್ಕೂ ಮುಂದಕ್ಕೂ ಓಡಾಡುತ್ತ, ನೋಡಿ, ನಾನು ಹೇಳಿ ಮಾಡಿಸಿದ್ದು ಎಂದು ನೆಂಟರಿಗೆಲ್ಲ ತೋರಿಸಿದ.

ಮಾರನೆಯ ದಿನ ಉಳುವ ಶಾಸ್ತ್ರ. ಮದುಮಗ ಅಂಗಳದಲ್ಲಿ ನೇಗಿಲು ಹಿಡಿದು ಗೀರು ಎಳೆಯಬೇಕು, ಮದುಮಗಳು ಗಂಜಿ ತರಬೇಕು, ಎಲ್ಲರೂ ನಗಬೇಕು. ಆಟದ ಶಾಸ್ತ್ರ, ನೆಲಕ್ಕೆ ಏನೂ ಆಗುವುದಿಲ್ಲ. ಮಾವ ಬಾಸಿಂಗದ ಗುರುತು ಇನ್ನೂ ಹಣೆಯಲ್ಲಿರುವಾಗಲೇ ಹಿತ್ತಲಿಗೆ ಹೋಗಿ ಯಂತ್ರವನ್ನು ತಳ್ಳಿಕೊಂಡು ಬಂದ. ಹೈದರ್ ಹಿಂದೆ, ಕೈಯಲ್ಲಿ ಪೆಟ್ರೋಲಿನ ಡಬ್ಬ. ಕೊಂಡಪ್ಪ ಊಟದ ಎಲೆ ಬಿಟ್ಟು ಓಡಿಬಂದು ಎರಡೂ ಕೈ ಚಾಚಿ ಯಂತ್ರಕ್ಕೆ ಅಡ್ಡ ನಿಂತ. ಈ ನೆಲಕ್ಕೆ ಒಂದು ಗೀರು ಬಿದ್ದರೂ ನಾನು ಸುಮ್ಮನಿರುವುದಿಲ್ಲ ಎಂದ. ಅವನು ಹಾಗೆಂದ ಮೇಲೆ ಮುಗಿಯಿತು, ಮುರಿಯುವ ಮಾತಲ್ಲ. ಚಪ್ಪರದಲ್ಲಿ ನಗು ನಿಂತಿತು. ಮಾವನ ಕೈ ಸಡಿಲವಾಯಿತು.

ಮುನಿವೆಂಕಟಮ್ಮ ಗಂಜಿಯ ಪಾತ್ರೆಯನ್ನು ಅಮ್ಮನ ಕೈಗೆ ಕೊಟ್ಟು, ಸೆರಗು ಸಿಕ್ಕಿಸಿ ಅಂಗಳಕ್ಕಿಳಿದಳು. ಬಂದು ಗಂಡನ ಪಕ್ಕದಲ್ಲಿ ನಿಂತು ಯಂತ್ರದ ಒಂದು ಕೈ ಹಿಡಿದಳು.

"ಅಂಗಳ ಸಮ ಆಗೋವರ್ಗೂ ನನ್ನ ಮಗಳು ಹೊಸ್ತಿಲು ತುಳಿಯಲ್ಲ ಅಂದೋನು ನೀನು. ಸಮ ಆಯ್ತು, ನಾನು ತುಳಿದೂ ಆಯ್ತು. ಇನ್ಮೇಲೆ ಈ ಅಂಗಳ ನಮ್ದು ಕಣಪ್ಪ."

ಕೊಂಡಪ್ಪನ ಮೊದಲ ಮಾತು ಈಗಿನದಕ್ಕಿಂತ ಹಳೆಯದು, ಅದನ್ನು ಮುರಿಯುವಂತಿರಲಿಲ್ಲ.  ಅವನು ಚಾಚಿದ್ದ ಕೈಗಳನ್ನು ಇಳಿಸಿ, ಪಂಚೆ ಎತ್ತಿ ಹಿಡಿದು, ಮಗಳಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದ.